ಬೆಳಗಿನ ಜಾವದ ಗತ್ತು

ಎಂಟೂವರೆಗೆ ಎದ್ದು ಬಂದವನಿಗೆ ನಮ್ಮ ಮನೆಗಳಲ್ಲಿ ಬೀಳುವಷ್ಟು ಬೈಗುಳ ಲಂಚ ತಿಂದು ಸಿಕ್ಕಿಬಿದ್ದವನಿಗೂ ಬೀಳುವುದಿಲ್ಲ. ಕುಂಭಕರ್ಣ, ಸೂರ್ಯವಂಶದವನು, ದರಿದ್ರದವನು, ಮನೆಗೆ ಶನಿ. ಕಾಫಿ ಲೋಟ ಕೈಗೆ ಬರುವ ಮೊದಲೇ ಸಹಸ್ರನಾಮ ಮುಗಿದಿರುತ್ತದೆ. ಬೈಯುವವರೇ ಹಿಂದಿನ ರಾತ್ರಿ ಹನ್ನೊಂದೂವರೆಯ ತನಕ ಟಿವಿ ಚರ್ಚೆಯ ಕಿರುಚಾಟ ಹಾಕಿಕೊಂಡು ಕೂತಿದ್ದರು, ಮನೆಯ ದೀಪ ಆರಿದ್ದು ಹನ್ನೆರಡಕ್ಕೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಏಳುವುದಕ್ಕೆ ಮುಹೂರ್ತವಿದೆ, ಮಲಗುವುದಕ್ಕಿಲ್ಲ.

ಈ ಹಳೆಯ ಗದರಿಕೆಗೆ ಈಗ ಹೊಸ ಅಂಗಡಿ ತೆರೆದಿದೆ. ರಾಬಿನ್ ಶರ್ಮಾ ಅವರ ‘ದಿ 5 ಎಎಂ ಕ್ಲಬ್’ 2018ರಲ್ಲಿ ಬಂದ ಮೇಲಂತೂ ಬೆಳಗಿನ ಐದು ಗಂಟೆ ಯಶಸ್ಸಿನ ಬ್ರ್ಯಾಂಡ್ ಆಗಿಬಿಟ್ಟಿತು. ನಮ್ಮ ಯೂಟ್ಯೂಬ್ ಭಾಷಣಕಾರರು ಅದಕ್ಕೆ ಬ್ರಾಹ್ಮೀ ಮುಹೂರ್ತದ ವಿಭೂತಿ ಬಳಿದರು. ಕಂಪನಿಗಳ ತರಬೇತಿ ಶಿಬಿರದಲ್ಲಿ, ನೀಟ್ ಕೋಚಿಂಗ್‌ನ ಸ್ವಾಗತ ಭಾಷಣದಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಅದೇ ಮಾತು: ಗೆದ್ದವರೆಲ್ಲ ನಸುಕಿಗೆ ಎದ್ದವರು. ನಸುಕಿಗೆ ಎದ್ದೂ ಗೆಲ್ಲದವರ ಪಟ್ಟಿ ಮಾಡಿದರೆ ಅದರಲ್ಲಿ ಈ ನಾಡಿನ ಅರ್ಧ ಜನ ಇರುತ್ತಾರೆ. ಹಾಲು ಹಾಕುವವರು, ಪೇಪರ್ ಹುಡುಗರು, ಹೂ ಕಟ್ಟುವವರು, ಬೀದಿ ಗುಡಿಸುವವರು. ಅವರನ್ನು ಕರೆದು ಯಾರೂ ಭಾಷಣ ಮಾಡಿಸಿದ್ದಿಲ್ಲ. ಇನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ 4.52ಕ್ಕೆ ‘ಶುಭೋದಯ’ ಹಾಕುವ ಮಹನೀಯರು ಕೋರುವ ಶುಭ ಅಷ್ಟಕ್ಕಷ್ಟೆ, ದಾಖಲಾಗಬೇಕಾದದ್ದು ಆ ಹೊತ್ತು.

ಬೇಗ ಏಳುವುದರ ಮೇಲೆ ನನಗೇನೂ ಸಿಟ್ಟಿಲ್ಲ. ಹತ್ತಕ್ಕೆ ಮಲಗಿ ಐದಕ್ಕೆ ತಾನಾಗಿ ಎಚ್ಚರವಾಗುವವರು ಪುಣ್ಯವಂತರು, ಅವರ ವಾಕಿಂಗ್ ಅವರಿಗೆ ಶುಭವಾಗಲಿ. ಏಳುವ ಹೊತ್ತನ್ನು ಗುಣದ ಅಳತೆಗೋಲು ಮಾಡಿಕೊಂಡು, ಹೊತ್ತು ಮೀರಿ ಮಲಗುವವನನ್ನು ಸೋಮಾರಿ ಎಂದು ತೀರ್ಮಾನಿಸಿ, ಅವನ ಕೈಗೆ ಇನ್ನಷ್ಟು ಜೋರಾದ ಅಲಾರಂ ಕೊಡುವ ನಂಬಿಕೆಯ ಮೇಲೆ ನನ್ನ ತಕರಾರು. ಹೊತ್ತು ಮೀರಿ ಮಲಗುವವರಲ್ಲಿ ಹೆಚ್ಚಿನವರು ನಿದ್ದೆ ಸಾಲದವರು. ಅವರಿಂದ ಇನ್ನೂ ಎರಡು ಗಂಟೆ ನಿದ್ದೆ ಕಿತ್ತುಕೊಂಡರೆ ಆ ಚಟ ಬಿಡುವುದಿಲ್ಲ, ಬಲಿಯುತ್ತದೆ.

ಮೊದಲು ಶಾಸ್ತ್ರವನ್ನೇ ನೋಡೋಣ, ಎಲ್ಲರೂ ಅದನ್ನೇ ಮುಂದೆ ಹಿಡಿಯುತ್ತಾರಲ್ಲ. ಬ್ರಾಹ್ಮೀ ಮುಹೂರ್ತ ಗಡಿಯಾರದ ನಾಲ್ಕು ಗಂಟೆಯಲ್ಲ. ಸೂರ್ಯೋದಯಕ್ಕೆ ಒಂದು ಗಂಟೆ ಮೂವತ್ತಾರು ನಿಮಿಷ ಇರುವಾಗ ಶುರುವಾಗಿ ನಲವತ್ತೆಂಟು ನಿಮಿಷ ಇರುವ ಹೊತ್ತು ಅದು. ಬೆಂಗಳೂರಿನಲ್ಲಿ ಜೂನ್ ಮೊದಲ ವಾರ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 5.50ಕ್ಕೆ, ಜನವರಿ ಕೊನೆಗೆ 6.45ಕ್ಕೆ. ಅಂದರೆ ಈ ಮುಹೂರ್ತ ಜೂನ್‌ನಲ್ಲಿ ನಾಲ್ಕೂಕಾಲಕ್ಕೆ, ಜನವರಿಯಲ್ಲಿ ಐದು ಗಂಟೆ ದಾಟಿದ ಮೇಲೆ. ಅದರ ಜೊತೆಗೆ ನಮ್ಮ ಗಡಿಯಾರದ್ದೇ ಒಂದು ಮೋಸವಿದೆ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ಗೆರೆಯದು. ಮಂಗಳೂರಿನ ಸೂರ್ಯ ಆ ಗೆರೆಗಿಂತ ಅರ್ಧ ಗಂಟೆ ಹಿಂದಿದ್ದಾನೆ. ಅಲ್ಲಿಯ ಹುಡುಗನನ್ನು ನಾಲ್ಕೂವರೆಗೆ ಎಬ್ಬಿಸಿದರೆ ಸೂರ್ಯನ ಲೆಕ್ಕದಲ್ಲಿ ಅವನನ್ನು ಎಬ್ಬಿಸಿದ್ದು ನಾಲ್ಕಕ್ಕೆ.

ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯ ಬ್ರಾಹ್ಮೀ ಮುಹೂರ್ತದಲ್ಲಿ ಏಳಲು ಹೇಳುತ್ತದೆ, ನಿಜ. ಆದರೆ ಹೇಳುವುದು ಆರೋಗ್ಯವಂತನಿಗೆ, ಆಯುಷ್ಯ ಕಾಪಾಡಿಕೊಳ್ಳಲಿಕ್ಕೆ. ಅದೇ ಗ್ರಂಥದ ಏಳನೆಯ ಅಧ್ಯಾಯಕ್ಕೆ ಬಂದರೆ ಭಾಷಣಕಾರರು ಯಾವತ್ತೂ ಎತ್ತದ ವಿಧಿಯೊಂದು ಸಿಗುತ್ತದೆ: ಅಭ್ಯಾಸವಿಲ್ಲದೆ ರಾತ್ರಿ ಎಚ್ಚರವಿರಬೇಕಾಗಿ ಬಂದವನು, ಎಚ್ಚರವಿದ್ದ ಹೊತ್ತಿನ ಅರ್ಧದಷ್ಟನ್ನು ಮರುದಿನ ಬೆಳಗ್ಗೆ, ಏನೂ ತಿನ್ನುವ ಮೊದಲು, ಮಲಗಿ ತೀರಿಸಿಕೊಳ್ಳಬೇಕು. ಬೇಸಿಗೆಯಲ್ಲಿ ರಾತ್ರಿ ಚಿಕ್ಕದಾದ್ದರಿಂದ ಹಗಲು ನಿದ್ದೆಗೂ ಅಲ್ಲಿ ಅನುಮತಿಯಿದೆ. ದಾರಿ ನಡೆದು ದಣಿದವರು, ಮಕ್ಕಳು, ಮುದುಕರು, ಇವರಿಗೆಲ್ಲ ವಿನಾಯಿತಿಯಿದೆ. ಆಯುರ್ವೇದ ಶರೀರವನ್ನು ಹೊತ್ತ ಮೂರು ಆಧಾರಗಳಲ್ಲಿ ನಿದ್ದೆಯನ್ನು ಆಹಾರದ ಪಕ್ಕದಲ್ಲೇ ಇಟ್ಟಿದೆ. ಇಷ್ಟೆಲ್ಲದರಲ್ಲಿ ಒಂದೇ ಸಾಲನ್ನು ಹರಿದುಕೊಂಡು ಅದನ್ನೇ ಬಾರುಕೋಲು ಮಾಡಿಕೊಂಡದ್ದು ನಾವು.

ಪುರಾಣದ ಆಯ್ಕೆಯೂ ಹಾಗೆಯೇ. ಕುಂಭಕರ್ಣ ಎಲ್ಲರ ಬಾಯಲ್ಲಿದ್ದಾನೆ, ಮುಚುಕುಂದ ಯಾರಿಗೂ ನೆನಪಿಲ್ಲ. ದೇವತೆಗಳ ಪರವಾಗಿ ಅಸುರರೊಡನೆ ಬಹುಕಾಲ ಕಾದಾಡಿ ಬಸವಳಿದ ರಾಜ ಅವನು. ಏನು ವರ ಬೇಕೆಂದು ಕೇಳಿದರೆ ನಿದ್ದೆ ಬೇಡಿದ. ಗುಹೆಯಲ್ಲಿ ಮಲಗಿದ್ದವನನ್ನು ಒದ್ದು ಎಬ್ಬಿಸಿದ ಕಾಲಯವನ ಸುಟ್ಟು ಬೂದಿಯಾದ. ಆ ಕುಂಭಕರ್ಣನಾದರೂ ಏನು? ಅವಧಿಗೆ ಮುಂಚೆ ಅವನನ್ನು ಎಬ್ಬಿಸಿದ್ದು ರಾವಣ, ತನ್ನ ಗರಜಿಗೆ. ಎದ್ದು ಬಂದವನು ಅಣ್ಣನಿಗೆ ಮೊದಲು ಹೇಳಿದ್ದು ನೀನು ಮಾಡಿದ್ದು ತಪ್ಪು ಎಂದು. ಲಂಕೆಯಲ್ಲಿ ಎಚ್ಚರವಾಗಿದ್ದವರಲ್ಲಿ ವಿಭೀಷಣನಂಥ ಒಬ್ಬಿಬ್ಬರ ಹೊರತು ಉಳಿದವರಿಗೆ ಬಾರದಿದ್ದ ಧೈರ್ಯ ಅದು.

ಇನ್ನು ಶರೀರದ ವಿಚಾರ. ನಮ್ಮ ಹೆಚ್ಚುಕಡಿಮೆ ಪ್ರತಿ ಜೀವಕೋಶದಲ್ಲೂ ಇಪ್ಪತ್ನಾಲ್ಕು ಗಂಟೆಯ ಲಯವೊಂದು ನಡೆಯುತ್ತದೆ. ಹಣ್ಣಿನ ನೊಣಗಳಲ್ಲಿ ಅದರ ಜೀನುಗಳು ಹೇಗೆ ಕೆಲಸ ಮಾಡುತ್ತವೆಂದು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಈ ಲಯ ಎಲ್ಲರಲ್ಲೂ ಒಂದೇ ಹೊತ್ತಿಗೆ ಕೂತಿಲ್ಲ. ಕೆಲವರದು ಮುಂದೆ, ಕೆಲವರದು ಹಿಂದೆ, ಹೆಚ್ಚಿನವರದು ನಡುವೆ. ವಯಸ್ಸಿನ ಜೊತೆ ಅದು ಸರಿಯುತ್ತದೆ ಕೂಡ. ಹರೆಯಕ್ಕೆ ಕಾಲಿಟ್ಟ ಮಕ್ಕಳಲ್ಲಿ ನಿದ್ದೆ ತರುವ ಮೆಲಟೋನಿನ್ ಸ್ರವಿಸುವುದೇ ತಡವಾಗುತ್ತದೆ. ನಿದ್ದೆಯ ಹೊತ್ತು ಎರಡು ಗಂಟೆಯಷ್ಟು ಹಿಂದಕ್ಕೆ ಹೋಗುವುದುಂಟು. ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ಇದು ಇಪ್ಪತ್ತರ ಆಸುಪಾಸಿನಲ್ಲಿ ತೀರ ತಡಕ್ಕೆ ಮುಟ್ಟಿ, ಆಮೇಲೆ ನಿಧಾನವಾಗಿ ಹಿಂದಿರುಗುತ್ತದೆ. ಅರವತ್ತರ ಅಜ್ಜ ಐದಕ್ಕೆ ಎದ್ದು ಹದಿನೇಳರ ಮೊಮ್ಮಗನ ಹೊದಿಕೆ ಎಳೆಯುವಾಗ ಇಬ್ಬರಲ್ಲೂ ನಡೆದಿರುವುದು ವಯಸ್ಸಿನ ಕೆಲಸ. ಅದರಲ್ಲಿ ಒಬ್ಬನದು ಶಿಸ್ತು, ಇನ್ನೊಬ್ಬನದು ಸೋಮಾರಿತನ ಎಂದು ಹೆಸರಿಟ್ಟವರು ಮಾತ್ರ ಅಜ್ಜಂದಿರೇ.

ಅಲಾರಂ ವೈದ್ಯಕ್ಕೆ ಇಲ್ಲೇ ದೊಡ್ಡ ಪೆಟ್ಟು ಬೀಳುವುದು. ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ ಮೈಯ ಉಷ್ಣತೆ ತೀರಾ ಕೆಳಗಿರುತ್ತದೆ. ಅದು ಶರೀರದ ನಡುರಾತ್ರಿ. ಒಂದೂವರೆಗೆ ಮಲಗಿ ಒಂಬತ್ತೂವರೆಗೆ ಏಳುವ ಹುಡುಗನಿಗೆ ಈ ನಡುರಾತ್ರಿ ಬರುವುದು ಆರೂವರೆ ಏಳರ ಸುಮಾರಿಗೆ. ಈ ತಳಮಟ್ಟ ದಾಟಿದ ಮೇಲೆ ಬೆಳಕು ಬಿದ್ದರೆ ಲಯ ಮುಂದಕ್ಕೆ ಬರುತ್ತದೆ, ಅಂದರೆ ಮರುದಿನ ಬೇಗ ನಿದ್ದೆ, ಬೇಗ ಎಚ್ಚರ. ದಾಟುವ ಮೊದಲೇ ಜೋರು ಬೆಳಕು ಬಿದ್ದರೆ ಲಯ ಇನ್ನೂ ಹಿಂದಕ್ಕೆ ಜಾರುತ್ತದೆ. ಭಾಷಣ ಕೇಳಿದ ಹುರುಪಿನಲ್ಲಿ ಅವನು ನಾಲ್ಕೂವರೆಗೆ ಎದ್ದು ಕೋಣೆಯ ದೀಪವನ್ನೆಲ್ಲ ಹಾಕಿಕೊಂಡು ಕೂತರೆ ಅವನ ಮೈ ಅದನ್ನು ಬೆಳಗು ಎಂದು ತಿಳಿಯುವುದಿಲ್ಲ, ಸಂಜೆ ಇನ್ನೂ ಮುಗಿದಿಲ್ಲ ಎಂದು ತಿಳಿಯುತ್ತದೆ. ಎರಡು ದಿನ ಎದ್ದು, ಮೂರನೆಯ ದಿನ ಹನ್ನೊಂದರ ತನಕ ಬಿದ್ದುಕೊಂಡು, ‘ನನ್ನಿಂದಾಗದು’ ಎಂದು ಕೈಚೆಲ್ಲುವವರನ್ನು ನೀವೂ ಕಂಡಿದ್ದೀರಿ. ಅವರ ಸಂಕಲ್ಪಬಲದ ಬಗ್ಗೆ ಪ್ರವಚನ ಮಾಡುವ ಮೊದಲು, ಹೇಳಿಕೊಟ್ಟ ವಿಧಾನ ತಲೆಕೆಳಗಾಗಿತ್ತೇ ಎಂದು ಕೇಳಬೇಕಿತ್ತು.

ಕಳೆದ ವರ್ಷ ಅಕ್ಕನ ಮಗಳನ್ನು ನೋಡಲು ಒಂದು ವಸತಿ ಪಿಯು ಕಾಲೇಜಿಗೆ ಹೋಗಿದ್ದೆ. ಹಾಸ್ಟೆಲಿನ ಮೆಟ್ಟಿಲ ಬಳಿ ಲ್ಯಾಮಿನೇಟ್ ಮಾಡಿಸಿದ ವೇಳಾಪಟ್ಟಿ ನೇತುಹಾಕಿತ್ತು. 4.45ಕ್ಕೆ ಮೊದಲ ಗಂಟೆ. 5.15ರಿಂದ 6.45 ಸ್ಟಡಿ ಅವರ್. ತಿಂಡಿ, ಪ್ರಾರ್ಥನೆ, ಎಂಟರಿಂದ ಸಂಜೆ ನಾಲ್ಕರವರೆಗೆ ತರಗತಿ. ಮತ್ತೆ ಸ್ಟಡಿ ಅವರ್, ಊಟ, ಒಂಬತ್ತರಿಂದ 10.45 ಮತ್ತೊಂದು ಸ್ಟಡಿ ಅವರ್. ಹನ್ನೊಂದಕ್ಕೆ ಲೈಟ್ ಆಫ್. ಕೆಳಗೆ ಕೆಂಪು ಅಕ್ಷರದಲ್ಲಿ: ಬೆಳಗಿನ ಸ್ಟಡಿಯಲ್ಲಿ ತೂಕಡಿಸಿದವರು ನಿಂತು ಓದತಕ್ಕದ್ದು. ಹನ್ನೊಂದರಿಂದ ನಾಲ್ಕೂಮುಕ್ಕಾಲು ಅಂದರೆ ಐದು ಮುಕ್ಕಾಲು ಗಂಟೆ, ಅದೂ ದಿಂಬಿಗೆ ತಲೆ ಕೊಟ್ಟೊಡನೆ ನಿದ್ದೆ ಬಂದರೆ. ಆ ವಯಸ್ಸಿನವರಿಗೆ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ನಿಗದಿ ಮಾಡಿದ್ದು ಎಂಟರಿಂದ ಹತ್ತು ಗಂಟೆ. ಮಗುವನ್ನು ಕೇಳಿದೆ, ಬೆಳಗ್ಗೆ ಓದಿದ್ದು ನೆನಪಿರುತ್ತದೇನೇ? ‘ಮಾಮ, ಬೆಳಗ್ಗೆ ಯಾರೂ ಓದಲ್ಲ. ಪುಸ್ತಕ ಹಿಡ್ಕೊಂಡು ಕಣ್ಣು ಬಿಟ್ಕೊಂಡಿರ್ತೀವಿ, ಅಷ್ಟೆ.’ ರಜೆಗೆ ಮನೆಗೆ ಬಂದಾಗ ಅವಳು ಮಧ್ಯಾಹ್ನ ಹನ್ನೆರಡರ ತನಕ ಏಳುವುದಿಲ್ಲವೆಂದು ಅಕ್ಕ ಕೊರಗುತ್ತಾಳೆ. ಅಷ್ಟು ಫೀಸು ಕೊಟ್ಟರೂ ಶಿಸ್ತು ಬರಲಿಲ್ಲವಂತೆ.

ಕಲಿತದ್ದು ನೆನಪಾಗಿ ನೆಲೆನಿಲ್ಲುವುದು ನಿದ್ದೆಯಲ್ಲಿ ಎಂಬುದು ಈಗ ಹೊಸ ಸಂಗತಿಯೇನಲ್ಲ. ಆದರೂ ಓದಿಗಾಗಿ ಮೊದಲು ಕತ್ತರಿಸುವುದು ನಿದ್ದೆಯನ್ನೇ. ‘ನನಗೆ ಐದು ಗಂಟೆ ಸಾಕು’ ಎಂದು ಎದೆ ತಟ್ಟಿಕೊಳ್ಳುವವರಿಗೂ ಒಂದು ಮಾತಿದೆ. 2003ರಲ್ಲಿ ಪ್ರಕಟವಾದ, ಹ್ಯಾನ್ಸ್ ವಾನ್ ಡೊಂಗೆನ್, ಡೇವಿಡ್ ಡಿಂಜಸ್ ಮತ್ತಿತರರ ಪ್ರಯೋಗದಲ್ಲಿ ಜನರನ್ನು ಎರಡು ವಾರ ರಾತ್ರಿ ಆರೇ ಗಂಟೆ ಮಲಗಿಸಿದರು. ಕೊನೆಗೆ ಅವರ ಗಮನ, ಚುರುಕು ಇಡೀ ರಾತ್ರಿಗಳನ್ನೇ ನಿದ್ದೆಯಿಲ್ಲದೆ ಕಳೆದವರ ಮಟ್ಟಕ್ಕೆ ಇಳಿದಿತ್ತು. ಅದಕ್ಕಿಂತ ಭಯದ ಸಂಗತಿ, ತಾವು ಅಷ್ಟು ಮಂಕಾಗಿದ್ದೇವೆಂಬುದು ಅವರಿಗೇ ಗೊತ್ತಾಗಿರಲಿಲ್ಲ. ಕಡಿಮೆ ನಿದ್ದೆಯಲ್ಲೇ ಚೆನ್ನಾಗಿರುವ ಜೀನು ಹೊತ್ತವರು ಜಗತ್ತಿನಲ್ಲಿ ಇದ್ದಾರೆ, ತೀರಾ ಅಪರೂಪ. ನಮ್ಮ ಸೆಮಿನಾರುಗಳಲ್ಲಿ ಮಾತ್ರ ಅವರು ಸಾಲಿಗೊಬ್ಬರಂತೆ ಸಿಗುತ್ತಾರೆ.

ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬನ ರಾತ್ರಿಯನ್ನು ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಒಂಬತ್ತರ ಕಾಲ್ ಅಂದರೆ ಇಲ್ಲಿ ರಾತ್ರಿ ಒಂಬತ್ತೂವರೆ. ನವೆಂಬರ್‌ನಲ್ಲಿ ಅವರು ತಮ್ಮ ಗಡಿಯಾರ ಹಿಂದಕ್ಕೆ ತಿರುಗಿಸಿದ ಮಾರನೆಯ ದಿನದಿಂದ ಅದೇ ಕಾಲ್ ಇಲ್ಲಿ ಹತ್ತೂವರೆಗೆ. ಅಲ್ಲಿಯವರಿಗೆ ಆ ರಾತ್ರಿ ಒಂದು ಗಂಟೆ ಹೆಚ್ಚು ನಿದ್ದೆ ಸಿಕ್ಕಿತು. ಇಲ್ಲಿ ಮಾರ್ಚ್ ತನಕ ಪ್ರತಿ ರಾತ್ರಿಯಿಂದ ಒಂದು ಗಂಟೆ ಹೋಯಿತು. ಕಾಲ್ ಮುಗಿದರೂ ತಲೆ ಮುಗಿಯುವುದಿಲ್ಲ, ಕಣ್ಣ ಮುಂದೆ ಪರದೆಯ ಬೆಳಕು ಇದ್ದೇ ಇದೆ, ನಿದ್ದೆ ಹತ್ತುವಾಗ ಒಂದು. ಪಿಜಿಯಲ್ಲಿ ತಿಂಡಿ ಒಂಬತ್ತಕ್ಕೆ ಎತ್ತಿಬಿಡುತ್ತಾರೆ, ಹೊರವರ್ತುಲ ರಸ್ತೆಯಲ್ಲಿ ಒಂಬತ್ತರ ನಂತರ ವಾಹನ ಅಲ್ಲಾಡುವುದಿಲ್ಲ, ಹಾಗಾಗಿ ಏಳಕ್ಕೆ ಅಲಾರಂ. ಶನಿವಾರ ಅವನು ಹನ್ನೊಂದಕ್ಕೆ ಏಳುತ್ತಾನೆ. ವಾರದ ದಿನಕ್ಕೂ ರಜೆಯ ದಿನಕ್ಕೂ ಬೀಳುವ ಈ ಅಂತರವನ್ನು ರೋನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ‘ಸೋಶಿಯಲ್ ಜೆಟ್‌ಲ್ಯಾಗ್’ ಎಂದು ಕರೆದರು. ವಿಮಾನ ಹತ್ತದೆಯೇ ಪ್ರತಿ ಶುಕ್ರವಾರ ಮಸ್ಕತ್ತಿಗೋ ಅದರಾಚೆಗೋ ಹೋಗಿ, ಸೋಮವಾರ ಬೆಳಗ್ಗೆ ಬಂದು ಇಳಿದಂತೆ. ಊರಿಂದ ಫೋನ್ ಮಾಡಿದ ಅಮ್ಮನಿಗೆ ಕೇಳುವುದು ಶನಿವಾರದ ಹನ್ನೊಂದು ಗಂಟೆಯ ಆಕಳಿಕೆ ಮಾತ್ರ.

ಆದರೆ ಇಷ್ಟಕ್ಕೇ ‘ನಿದ್ದೆಯ ಗಂಟೆ ಹೆಚ್ಚಿಸಿ, ಎಲ್ಲ ಸರಿಹೋಗುತ್ತದೆ’ ಎಂದು ಘೋಷಿಸಿದರೆ ಅದೂ ಇನ್ನೊಂದು ಪ್ರವಚನವಾದೀತು. ಪಕ್ಕದ ಚೆನ್ನೈನಲ್ಲಿ ಅರ್ಥಶಾಸ್ತ್ರಜ್ಞರ ತಂಡವೊಂದು ದುಡಿಯುವ ಬಡವರ ನಿದ್ದೆಯನ್ನು ಕೈಗೆ ಕಟ್ಟುವ ಯಂತ್ರದಿಂದ ಅಳೆಯಿತು; ವರದಿ ಬಂದದ್ದು 2021ರಲ್ಲಿ. 452 ಜನ. ರಾತ್ರಿ ಎಂಟು ಗಂಟೆ ಹಾಸಿಗೆಯಲ್ಲಿ ಇರುತ್ತಿದ್ದರು, ನಿದ್ದೆಯಾಗುತ್ತಿದ್ದದ್ದು ಐದೂವರೆ ಗಂಟೆ. ಉಳಿದದ್ದನ್ನು ಸೆಕೆ, ಸೊಳ್ಳೆ, ಬೀದಿಯ ಸದ್ದು, ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗಿದ ಮನೆಮಂದಿ ತಿಂದುಹಾಕುತ್ತಿದ್ದವು. ಕಣ್ಣುಪಟ್ಟಿ, ಕಿವಿಬಿರಡೆ, ಫ್ಯಾನು, ಸಲಹೆ ಎಲ್ಲ ಕೊಟ್ಟಾಗ ರಾತ್ರಿಯ ನಿದ್ದೆ ಅರ್ಧ ಗಂಟೆಯಷ್ಟು ಹೆಚ್ಚಿತು. ಅದರಿಂದ ಕೆಲಸದಲ್ಲಿ, ಆರೋಗ್ಯದಲ್ಲಿ ಕಾಣುವಂಥ ಬದಲಾವಣೆ ಏನೂ ಆಗಲಿಲ್ಲ. ಮಧ್ಯಾಹ್ನ ಕೆಲಸದ ಜಾಗದಲ್ಲೇ, ಸದ್ದಿಲ್ಲದ ಕಡೆ, ಸಣ್ಣ ನಿದ್ದೆಗೆ ಅವಕಾಶ ಮಾಡಿಕೊಟ್ಟಾಗ ಆಯಿತು. ಕೆಲಸ ಸುಧಾರಿಸಿತು, ಮನಸ್ಸೂ ಹಗುರಾಯಿತು. ಕಡಿದು ತುಂಡಾದ ಎಂಟು ಗಂಟೆಯ ಮೇಲೆ ಮತ್ತೊಂದು ತುಂಡು ಸೇರಿಸಿದರೆ ಏನೂ ಆಗುವುದಿಲ್ಲ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಹೊತ್ತು ಮೀರಿ ಮಲಗುವವನು ಎಷ್ಟು ಹೊತ್ತು ಹಾಸಿಗೆಯಲ್ಲಿದ್ದ ಎಂದು ಎಣಿಸುವ ನಮ್ಮ ಮನೆಯ ತನಿಖಾಧಿಕಾರಿಗಳು ಆ ಹಾಸಿಗೆ ಎಲ್ಲಿದೆ, ಅದರ ಪಕ್ಕದ ಗೋಡೆಯಾಚೆ ಏನು ನಡೆಯುತ್ತಿದೆ ಎಂದು ಕೇಳಿದ್ದುಂಟೆ? ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವ ನಮ್ಮ ಗಾದೆ ಚಿಂತೆಯನ್ನು ಹಿಡಿಯಿತು, ಸಂತೆಯನ್ನು ಸುಮ್ಮನೆ ಬಿಟ್ಟುಬಿಟ್ಟಿತು.

‘ನಮ್ಮಪ್ಪ ನಾಲ್ಕಕ್ಕೆ ಎದ್ದು ಗದ್ದೆಗೆ ಹೋಗುತ್ತಿದ್ದರು’ ಎಂಬ ವಾದ ಈ ಹೊತ್ತಿಗೆ ಎದ್ದು ಬಂದಿರಲೇಬೇಕು. ಹೋಗುತ್ತಿದ್ದರು, ಸರಿ. ರಾತ್ರಿ ಎಂಟೂವರೆಗೆ ಬುಡ್ಡಿದೀಪ ಆರಿಸುತ್ತಿದ್ದರಲ್ಲ, ಅದನ್ನೂ ಹೇಳಿ. ಮಧ್ಯಾಹ್ನ ಮುದ್ದೆ ಉಂಡು ಜಗಲಿಯ ಮೇಲೆ ಟವೆಲ್ ಹಾಸಿ ಒಂದು ಗಳಿಗೆ ಅಡ್ಡಾಗುತ್ತಿದ್ದರಲ್ಲ, ಅದನ್ನು ಯಾರೂ ಸೋಮಾರಿತನ ಎನ್ನಲಿಲ್ಲವಲ್ಲ, ಅದನ್ನೂ ಹೇಳಿ. ಅಪ್ಪನ ನಸುಕನ್ನು ಮಾತ್ರ ವಂಶಪಾರಂಪರ್ಯವಾಗಿ ಇಟ್ಟುಕೊಂಡು ಅವನ ರಾತ್ರಿಯನ್ನೂ ಮಧ್ಯಾಹ್ನವನ್ನೂ ಮಾರಿಕೊಂಡಿದ್ದೇವೆ.

ಅಮ್ಮನ ವಿಷಯ ಬೇರೆ. ಐದು ಗಂಟೆಯ ಕ್ಲಬ್ಬಿಗೆ ಮೊದಲ ಸದಸ್ಯೆ ಅವಳು, ಪ್ರಮಾಣಪತ್ರವಿಲ್ಲದೆ. ಏಳಕ್ಕೆ ಶಾಲೆಯ ವ್ಯಾನು ಬರುವ ಮನೆಯಲ್ಲಿ ಐದಕ್ಕೆ ಕುಕ್ಕರ್ ಕೂಗಬೇಕು. ಎರಡು ಮೂರು ಡಬ್ಬಿಗೆ ಚಿತ್ರಾನ್ನವೋ ಚಪಾತಿಯೋ, ಜೊತೆಗೆ ನೀರು ಬಿಡುವ ದಿನವಾದರೆ ಇನ್ನೂ ಬೇಗ. ರಾತ್ರಿ ಎಲ್ಲರ ಊಟವಾಗಿ, ಪಾತ್ರೆ ತೊಳೆದು, ದೋಸೆ ಹಿಟ್ಟು ಮುಚ್ಚಿಟ್ಟು ಅವಳು ಮಲಗುವುದು ಕೊನೆಗೆ. ಇವಳಿಗೆ ಬೇಗ ಏಳುವುದರಿಂದ ಧ್ಯಾನಕ್ಕೆ, ದಿನಚರಿ ಬರೆಯುವುದಕ್ಕೆ, ಓಟಕ್ಕೆ ಪುರಸೊತ್ತು ಸಿಕ್ಕಿತೇ? ಮನೆಯ ಗಂಡಸು ಐದಕ್ಕೆ ಎದ್ದು ಯೋಗ ಮಾಡುವ ಪಟ ಇನ್‌ಸ್ಟಾಗ್ರಾಂಗೆ ಹೋಗುತ್ತದೆ, ಮ್ಯಾಟಿನ ಪಕ್ಕದ ಬಿಸಿ ಕಾಫಿ ಯಾರು ತಂದಿಟ್ಟರೆಂಬುದು ಪಟದಲ್ಲಿ ಬರುವುದಿಲ್ಲ. ಭಾನುವಾರ ಅವಳು ಎಂಟರ ತನಕ ಮಲಗಿದರೆ ಮನೆಗೆ ಬಂದ ಅತ್ತೆ ಮನೆಯವರ ಕಣ್ಣು ಗಡಿಯಾರದ ಮೇಲಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ನಿಜವಾಗಿ ಒಂಬತ್ತು ಹತ್ತು ಗಂಟೆ ಮಲಗಿಯೂ ಏಳಲಾರದವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಅವರಿಗೇ ಈ ಬೈಗುಳ ಹೆಚ್ಚು ಅಪಾಯ, ಏಕೆಂದರೆ ಬೈಗುಳ ಕೇಳಿದವನು ವೈದ್ಯರ ಬಳಿ ಹೋಗುವುದಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ಹಗಲೆಲ್ಲ ತಮ್ಮ ಕೆಲಸದ ಕೌಂಟರಿನಲ್ಲೇ ತೂಕಡಿಸುತ್ತಿದ್ದರು. ಮನೆಯಲ್ಲಿ ಗೊರಕೆ ಒಂದು ತಮಾಷೆ. ಮೊಮ್ಮಕ್ಕಳು ರೆಕಾರ್ಡ್ ಮಾಡಿ ನೆಂಟರಿಗೆ ಕೇಳಿಸುತ್ತಿದ್ದರು. ಆ ರೆಕಾರ್ಡನ್ನೇ ಕೇಳಿದ ಒಬ್ಬ ಇಎನ್‌ಟಿ ವೈದ್ಯರು ನಗಲಿಲ್ಲ. ಗೊರಕೆಯ ನಡುವೆ ಸದ್ದು ಪೂರ್ತಿ ನಿಂತು, ಮತ್ತೆ ಉಸಿರುಕಟ್ಟಿದವರಂತೆ ಏದುಸಿರಿನೊಡನೆ ಶುರುವಾಗುತ್ತಿತ್ತು. ಸ್ಲೀಪ್ ಆಪ್ನಿಯಾ. ಗಂಟಲ ದಾರಿ ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಅರೆ ಎಚ್ಚರ ತರುತ್ತದೆ. ಗಂಟೆಗೆ ಐದಕ್ಕಿಂತ ಹೆಚ್ಚು ಸಲ ಹಾಗಾದರೆ ಕಾಯಿಲೆ, ಮೂವತ್ತು ದಾಟಿದರೆ ತೀವ್ರ. ಇಂಥವರು ಹತ್ತು ಗಂಟೆ ಮಲಗಿದರೂ ಮಲಗಿದಂತಲ್ಲ. ರಾತ್ರಿ ಮೂಗಿಗೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಹಾಕಿಕೊಳ್ಳತೊಡಗಿದ ಮೇಲೆ ಅವರ ತೂಕಡಿಕೆ ಹೋಯಿತು. ಥೈರಾಯ್ಡ್ ಕೊರತೆ, ನಮ್ಮ ಹೆಣ್ಣುಮಕ್ಕಳಲ್ಲಿ ಮನೆಮನೆಗೂ ಇರುವ ರಕ್ತಹೀನತೆ, ನೆಗಡಿ ಅಲರ್ಜಿಗೆಂದು ದಿನಾ ನುಂಗುವ ಮಾತ್ರೆ, ಇವೂ ಮೈಯನ್ನು ಹಾಸಿಗೆಗೆ ಒತ್ತಿಹಿಡಿಯುತ್ತವೆ. ಖಿನ್ನತೆ ಅಂದರೆ ನಿದ್ದೆ ಬಾರದಿರುವುದು ಎಂದೇ ಎಲ್ಲರ ಎಣಿಕೆ; ಕೆಲವರಲ್ಲಿ, ಅದರಲ್ಲೂ ಎಳೆಯರಲ್ಲಿ, ಅದು ಮುಗಿಯದ ನಿದ್ದೆಯಾಗಿ ಬರುತ್ತದೆ. ಹೆಚ್ಚು ಮಲಗುವವರಲ್ಲಿ ಕಾಯಿಲೆ ಹೆಚ್ಚು ಎಂದು ಸಮೀಕ್ಷೆಗಳು ಹೇಳುವುದನ್ನು ಹಿಡಿದು ‘ನೋಡಿದಿರಾ, ಜಾಸ್ತಿ ಮಲಗಿದರೆ ಸಾಯುತ್ತಾರೆ’ ಎನ್ನುವವರು, ಕಾಯಿಲೆಯೇ ಮಲಗಿಸಿರಬಹುದೆಂಬ ಕಡೆಗೆ ತಿರುಗಿಯೂ ನೋಡುವುದಿಲ್ಲ. ವಾರಗಟ್ಟಲೆ ಸಾಕಷ್ಟು ಮಲಗಿಯೂ ಮಂಕು ಹೋಗದಿದ್ದರೆ ಹೀಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಗೊರಕೆಯ ಬಗ್ಗೆ ಪಕ್ಕದಲ್ಲಿ ಮಲಗುವವರನ್ನು ಕೇಳಿ. ಭಾಷಣ ಆಮೇಲೆ ಕೇಳಿದರಾಯಿತು.

ಕಾಯಿಲೆಯಿಲ್ಲ, ಚಟವೇ ಎನ್ನುವವರಿಗೂ ಜೋರು ಅಲಾರಮ್ಮಿಗಿಂತ ಮೆಲ್ಲನೆಯ ದಾರಿ ಇದೆ. ಒಂಬತ್ತೂವರೆಗೆ ಏಳುವವರು ಮೊದಲು ಒಂಬತ್ತೂಕಾಲಕ್ಕೆ ಏಳಲಿ, ನಾಲ್ಕಾರು ದಿನ ಬಿಟ್ಟು ಒಂಬತ್ತಕ್ಕೆ. ಎದ್ದವರೇ ಬಾಲ್ಕನಿಗೋ ತಾರಸಿಗೋ ಹೋಗಿ ಬಿಸಿಲಿಗೆ ಮುಖ ಕೊಡಲಿ; ಕೋಣೆಯ ದೀಪ ಎಷ್ಟಿದ್ದರೂ ಆಕಾಶದ ಬೆಳಕಿಗೆ ಸಮವಲ್ಲ. ಭಾನುವಾರವೂ ಆ ಹೊತ್ತಿಗಿಂತ ಒಂದು ಗಂಟೆಯಾಚೆ ಹೋಗದಿರಲಿ, ನಿದ್ದೆ ಸಾಲದಿದ್ದರೆ ಊಟದ ನಂತರ ಇಪ್ಪತ್ತು ನಿಮಿಷ ಅಡ್ಡಾಗಲಿ, ಮೂರರ ಮೇಲೆ ಬೇಡ. ಸಂಜೆ ಆರಕ್ಕೆ ದರ್ಶಿನಿಯಲ್ಲಿ ಕುಡಿದ ಬೈಟು ಕಾಫಿಯ ಕೆಫೀನ್ ಅರ್ಧದಷ್ಟು ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ, ಅದನ್ನು ನಾಲ್ಕಕ್ಕೆ ತನ್ನಿ. ಸ್ನೂಜ್ ಒತ್ತಿ ಒತ್ತಿ ತೆಗೆದುಕೊಳ್ಳುವ ಒಂಬತ್ತು ಒಂಬತ್ತು ನಿಮಿಷದ ನಿದ್ದೆ ಪೂರ್ಣ ನಿದ್ದೆಗೆ ಸಮವಲ್ಲ; ಎದ್ದೊಡನೆ ಇರುವ ಮಂಪರು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ, ಅದನ್ನು ನೋಡಿ ಇವತ್ತು ದಿನ ಕೆಟ್ಟಿತು ಎಂದುಕೊಳ್ಳಬೇಕಿಲ್ಲ. ಇದಿಷ್ಟೇ. ಇದರಲ್ಲಿ ವೀರಾವೇಶ ಏನೂ ಇಲ್ಲ, ಅದಕ್ಕೇ ಇದರ ಮೇಲೆ ಯಾರೂ ಸೆಮಿನಾರ್ ನಡೆಸುವುದಿಲ್ಲ.

ಮನೆಯೊಳಗಿನ ಈ ತಿದ್ದುಪಡಿ ಶಾಲೆಯ ಗಂಟೆಯ ಮುಂದೆ ಎಷ್ಟು ನಿಂತೀತು ಎಂಬುದು ಉಳಿದ ಪ್ರಶ್ನೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹರೆಯದ ಮಕ್ಕಳ ಶಾಲೆ ಎಂಟೂವರೆಗೆ ಮುಂಚೆ ಶುರುವಾಗಬಾರದೆಂದಿತು. ಸಿಯಾಟಲ್ ನಗರ 2016ರಲ್ಲಿ ಪ್ರೌಢಶಾಲೆಯ ಹೊತ್ತನ್ನು 7.50ರಿಂದ 8.45ಕ್ಕೆ ಸರಿಸಿತು, ಅಳೆದು ನೋಡಿದರೆ ದಿನಕ್ಕೆ 34 ನಿಮಿಷ ನಿದ್ದೆ ಹೆಚ್ಚಾಗಿತ್ತು. ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನನ್ನೇ ಜಾರಿಗೆ ತಂದಿತು. ಮಹಾರಾಷ್ಟ್ರ 2024ರಲ್ಲಿ ನಾಲ್ಕನೆಯ ತರಗತಿಯವರೆಗಿನ ಶಾಲೆ ಒಂಬತ್ತಕ್ಕೆ ಮುಂಚೆ ಬೇಡವೆಂದು ಆದೇಶಿಸಿತು. ನಮ್ಮಲ್ಲಿ 2023ರಲ್ಲಿ ಶಾಲೆಯ ಹೊತ್ತು ಬದಲಿಸುವ ಮಾತು ಹೈಕೋರ್ಟಿನ ಮುಂದೆ ಬಂದದ್ದು ಬೆಂಗಳೂರಿನ ವಾಹನ ದಟ್ಟಣೆ ತಗ್ಗಿಸುವುದಕ್ಕೆ. ಮಕ್ಕಳು ರಸ್ತೆ ಖಾಲಿ ಇರುವಾಗ ಹೋಗಿಬಿಡಲಿ ಎಂಬ ಜಾಣತನವೇ ಆ ಚರ್ಚೆಯ ತುಂಬ ಇತ್ತು, ಅವರ ನಿದ್ದೆಯ ಬಗ್ಗೆ ಮಾತೆತ್ತಿದವರು ವಿರೋಧಿಸಿದ ಪೋಷಕರು.

ಸರ್ಕಾರ ಶಾಲೆಯ ಹೊತ್ತು ಬದಲಿಸುವುದು ಯಾವಾಗಲೋ. ಅದಕ್ಕಿಂತ ಸಣ್ಣ ಬೇಡಿಕೆಯೊಂದಿದೆ, ಇದಕ್ಕೆ ಕಾಸೂ ಖರ್ಚಿಲ್ಲ. ವಸತಿ ಕಾಲೇಜುಗಳು ತಮ್ಮ ಪ್ರಾಸ್ಪೆಕ್ಟಸ್‌ನಲ್ಲಿ ರ‍್ಯಾಂಕ್ ಬಂದವರ ಫೋಟೋಗಳ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಹಾಸ್ಟೆಲಿನ ದೀಪ ಆರುವ ಹೊತ್ತು ಮತ್ತು ಮೊದಲ ಗಂಟೆ ಹೊಡೆಯುವ ಹೊತ್ತು ಎರಡನ್ನೂ ಅಚ್ಚು ಹಾಕಲೇಬೇಕೆಂದು ಪದವಿಪೂರ್ವ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಫೀಸು ಕಟ್ಟಲು ಸಾಲಿನಲ್ಲಿ ನಿಂತ ಅಪ್ಪ ಅಮ್ಮ ನಡುವಿನ ಗಂಟೆಗಳನ್ನು ತಾವೇ ಎಣಿಸಿಕೊಳ್ಳುತ್ತಾರೆ.